ನಲವತ್ತೊಂದು ಸಹಿಯ ಕಾರ್ಡು

ಪೋಸ್ಟ್‌ಮ್ಯಾನ್ ಮಲ್ಲಣ್ಣ ತಂದ ಕಾರ್ಡಿನ ತುಂಬ ಸಹಿಗಳೇ ಇದ್ದವು. ಚದುರಂಗದ ನಡೆ ಎಲ್ಲಿದೆಯೆಂದು ದರ್ಜಿ ಶಿವರಾಯ ಎರಡು ಸಲ ತಿರುವಿ ನೋಡಿದ. ಅಂಚಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಸಿಕ್ಕಿತು: ‘ಆನೆ ಎರಡು ಮನೆ ಮುಂದೆ.’

ಎಂಬತ್ತಾರನೇ ಇಸವಿಯಲ್ಲಿ ಆಟ ಶುರುವಾದಾಗ ಆ ಕಡೆ ಸರಸಂಬಾ ಊರಲ್ಲಿ ಗುರಣ್ಣ ಒಬ್ಬ, ಈ ಕಡೆ ಜೇವರ್ಗಿ ಹತ್ತಿರದ ಈ ಊರಲ್ಲಿ ಶಿವರಾಯ ಒಬ್ಬ. ನಡೆ ಟಪಾಲಿನಲ್ಲೇ ಹೋಗಬೇಕು, ತಿಂಗಳೊಳಗೆ ಮುಟ್ಟದಿದ್ದರೆ ಸೋತಂತೆ, ಸೋತವನು ಜನ್ಮದಲ್ಲಿ ಮತ್ತೆ ಹಲಗೆ ಮುಟ್ಟಬಾರದು. ಇಷ್ಟೇ ಕರಾರು. ಶಿವರಾಯನ ವಜೀರನ ಕಾಯಿ ಬಿದ್ದ ಸುದ್ದಿ ಹಬ್ಬಿತು ನೋಡಿ, ಗೆಲ್ಲುವ ಕಡೆ ಹೆಸರಿರಲಿ ಎಂದು ಸರಸಂಬಾದವರೆಲ್ಲ ಗುರಣ್ಣನ ಕಾರ್ಡಿಗೆ ಸಹಿ ಹಾಕತೊಡಗಿದರು. ಸಹಿ ಹಾಕಿದವರು ಸಲಹೆಯನ್ನೂ ಕೊಟ್ಟರು. ಆಮೇಲೆ ಶಿವರಾಯನ ಊರವರೂ ಬಸ್ಸು ಹತ್ತಿ ಹೋಗಿ ಸಹಿ ಮಾಡಿ ಬಂದರು.

ಇವತ್ತಿನ ಕಾರ್ಡಿನಲ್ಲಿ ಮೂವತ್ತಾರನೆಯ ಸಹಿ ಹೆಬ್ಬೆಟ್ಟು. ನಡುವೆ ಸೂಜಿ ಸೀಳಿದ ಗೆರೆ. ಶಿವರಾಯನಿಗೆ ಆ ಗೆರೆ ಗುರುತಿತ್ತು.

“ಇದು ನಿಂದೇನು ಬೇ?”

“ಹೌದ್ರಿ,” ಎಂದಳು ಹೆಂಡತಿ ಗುರುಬಾಯಿ, ಗುಂಡಿ ಹಚ್ಚುತ್ತಲೇ. “ಸರಸಂಬಾಕ್ಕ ತವರಮನಿಗಿ ಹೋದಾಗ ಒತ್ತೇನಿ. ಹದಿನೆಂಟ ವರ್ಷ ನಿಮ್ಮ ಕಡಿ ಇದ್ದೇನಿ. ಒಮ್ಮೆರ ಗೆದ್ದವರ ಕಡಿ ಕುಂತು ನೋಡ್ತೇನಿ.”

ಶಿವರಾಯ ಹಲಗೆಯನ್ನು ಮುಂದಕ್ಕೆ ಎಳೆದುಕೊಂಡ. ಹಲಗೆಯ ಮೇಲೆ ಅವರ ಆನೆಯನ್ನು ಎರಡು ಮನೆ ಸರಿಸಿದ. ಸರಿಸಿದ ಕೈ ಅಲ್ಲೇ ನಿಂತಿತು. ನಲವತ್ತೊಂದು ತಲೆ ಕೂಡಿ ತಮ್ಮ ರಾಜನ ಬಾಗಿಲನ್ನು ತೆರೆದಿಟ್ಟಿದ್ದವು. ತನ್ನ ಕುದುರೆ ಒಂದು ಜಿಗಿತ ಜಿಗಿದರೆ ಆಟ ಖಲಾಸ್.

ಹೊಸ ಕಾರ್ಡು ತೆಗೆದು ಬರೆದ: ‘ಕುದುರೆಯಿಂದ ಶಹ. ಮಾತ್.’ ಕೆಳಗೆ ಅವನೊಬ್ಬನದೇ ಸಹಿ. ಇನ್ನೂ ನಲವತ್ತು ಮಂದಿಗೆ ಜಾಗವಿತ್ತು.

“ಗಡುವಿಗಿ ನಾಕೇ ದಿನ ಉಳದಾವ ಮಲ್ಲಣ್ಣ. ಇವತ್ತೇ ಹೋಗ್ಬೇಕು ನೋಡಪ.”

ಬಾಗಿಲಲ್ಲೇ ನಿಂತಿದ್ದ ಮಲ್ಲಣ್ಣ ಕಾರ್ಡು ತೆಗೆದುಕೊಂಡು ಓದಿದ. ಊರಿನ ಕಾರ್ಡುಗಳನ್ನೆಲ್ಲ ಓದಿಯೇ ಸಾಗಿಸುವುದು ಅವನ ಪದ್ಧತಿ.

“ಛಲೋ ನಡಿ ಅದ ಶಿವರಾಯಣ್ಣ. ನಮ್ಮವರ ತಲಿಗಿ ಇದು ಹೊಳಿಲೇ ಇಲ್ಲ.”

“ನಮ್ಮವರು ಅಂದ್ರ?”

“ಹನ್ನೆರಡನೇ ಸಹಿ ನಂದೇ ಅದ,” ಎಂದು ಮಲ್ಲಣ್ಣ ಕಾರ್ಡನ್ನು ನಾಲ್ಕಾಗಿ ಮಡಚಿದ. ಟಪಾಲು ಚೀಲಕ್ಕೆ ಹಾಕಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡ.

ಆ ಕಿಸೆ ಶಿವರಾಯನೇ ಹೊಲಿದದ್ದು. ಜೋಡಿ ಹೊಲಿಗೆ. ಒಳಗೆ ಹೋದದ್ದು ಹೊರಗೆ ಬೀಳುವ ಮಾತೇ ಇರಲಿಲ್ಲ.