ಅಂಟಿಕೊಂಡ ಅಯಸ್ಕಾಂತ

ಮೇಷ್ಟ್ರ ಕೈಯಲ್ಲಿದ್ದ ಎರಡು ಅಯಸ್ಕಾಂತಗಳು ಜಪ್ಪಯ್ಯ ಅಂದರೂ ಬೇರೆಯಾಗುತ್ತಿರಲಿಲ್ಲ. ಎಳೆದೆಳೆದು ಅವರ ಉಗುರು ಬೆಳ್ಳಗಾಗಿತ್ತು. ತರಗತಿಯಿಡೀ ಅದನ್ನೇ ನೋಡುತ್ತಿತ್ತು.

ಪರಮಾಣುಗಳ ನಡುವಿನ ಬಂಧ ಮುರಿದರೆ ಶಕ್ತಿ ಹೊರಬರುತ್ತದೆಂದು ಅವರು ಆಗಷ್ಟೇ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತಿದ್ದಳು. "ಸರ್, ಮುರಿಯೋಕೆ ನಾವೇ ಶಕ್ತಿ ಕೊಡ್ಬೇಕಲ್ವಾ? ಕೂಡ್ಕೊಂಡಾಗ ತಾನೇ ಅದು ಹೊರಗೆ ಬರೋದು? ನಿಮ್ಮ ಲೆಕ್ಕದಲ್ಲಿ ಪ್ಲಸ್ಸು ಮೈನಸ್ಸು ತಿರುಗುಮುರುಗಾಗಿದೆ."

"ನಂಗೇ ಪಾಠ ಹೇಳ್ತೀಯೇನೇ ತಲೆಹರಟೆ? ಬಾಗಿಲಾಚೆ ನಿಂತ್ಕೊಂಡು ನೋಡು, ಬಂಧ ಮುರಿದ್ರೆ ಏನಾಗುತ್ತೆ ಅಂತ" ಎಂದು ಗದರಿ, ಅವಳ ಬಾಯಿ ಮುಚ್ಚಿಸಲೆಂದೇ ಅವರು ಅಯಸ್ಕಾಂತಗಳನ್ನು ಎತ್ತಿಕೊಂಡಿದ್ದರು.

ಈಗ ಹಲ್ಲು ಕಚ್ಚಿ ಎಳೆದರು. ಬೇರೆಯಾದವು, ಆದರೆ ಕೈ ತುಸು ಸಡಿಲವಾದದ್ದೇ ತಡ, ಟಕ್ಕೆಂದು ಹಾರಿ ಮತ್ತೆ ಕೂಡಿಕೊಂಡವು. ಬಿಡಿಸಲು ಬೆವರು ಸುರಿಸಿದವರು ತಾವು. ಕೂಡಿಕೊಳ್ಳಲು ಅವಕ್ಕೆ ಯಾರ ಹಂಗೂ ಬೇಕಾಗಿರಲಿಲ್ಲ. ಇಷ್ಟು ವರ್ಷ ಎಷ್ಟು ಮಕ್ಕಳ ತಲೆಗೆ ಇದನ್ನೇ ತಲೆಕೆಳಗಾಗಿ ತುಂಬಿದೆನೋ ಎಂದುಕೊಂಡಾಗ ಮೇಷ್ಟ್ರ ಕಿವಿ ಬಿಸಿಯಾಯಿತು.

"ಸರ್, ಒಂದು ಕಡೆ ನಾನು ಹಿಡ್ಕೊಳ್ಳಲಾ?" ಬಾಗಿಲಾಚೆಯಿಂದ ಹುಡುಗಿ ಕೇಳಿದಳು. ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ.

ಮೇಷ್ಟ್ರು ಅಯಸ್ಕಾಂತಗಳನ್ನು ಮೇಜಿನ ಮೇಲಿಟ್ಟು, ತಲೆ ಎತ್ತದೆ, ಬೋರ್ಡಿನ ಲೆಕ್ಕ ತಿದ್ದಲು ಸೀಮೆಸುಣ್ಣವನ್ನು ಬಾಗಿಲತ್ತ ಚಾಚಿದರು.