ಹಿಂದಕ್ಕೆ ಹಾರುವ ಕೊಕ್ಕರೆ

"ಹನ್ನೊಂದೂ ನಲವತ್ತಕ್ಕೆ ಬರ್ತದೆ," ಎಂದು ವಿಷ್ಣುಮೂರ್ತಿಯವರು ಐದನೆಯ ಸಲ ಹೇಳಿದರು. ಬಾರದೆ ಹೋಗಲಿ ಎಂದು ಆರನೆಯ ಸಲ ದೇವರಲ್ಲಿ ಬೇಡಿಕೊಂಡರು.

ಪಲ್ಲಾವರದ ಉಡುಪಿ ಹೋಟೆಲಿನ ತಾರಸಿ. ಒಣಗಲು ಹಾಕಿದ್ದ ಸಂಡಿಗೆಗಳ ನಡುವೆ ಮೂರು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಅವರು, ಒಂದರಲ್ಲಿ ಹೆಂಡತಿ ಸುಗುಣಾ, ಮೂರನೆಯದರಲ್ಲಿ ಅವರ ಶತ್ರು ಸುಕೇಶ್. ಹೆದ್ದಾರಿಯಾಚೆ ವಿಮಾನ ನಿಲ್ದಾಣದ ರನ್‌ವೇ ಬಿಸಿಲಿಗೆ ಹೊಳೆಯುತ್ತಿತ್ತು. ಗಂಡನ ಮಾನ ಹೋಗುವುದಾದರೂ ಹೊಟ್ಟೆ ತುಂಬಿರಲಿ ಎಂದು ಸುಗುಣಾ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು.

ವಿಷ್ಣುಮೂರ್ತಿಯವರದು ವಿಚಿತ್ರ ಹುಚ್ಚು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಿದೆಯಲ್ಲ, ಅದರೊಳಗಿನ ಬೋಳು ವಿಮಾನಗಳಿಗೆ ನಿಜವಾದ ಕಂಪನಿಗಳ ಬಣ್ಣ ಬಳಿಯುವುದು. ವಿಮೆ ಆಫೀಸಿನಿಂದ ನಿವೃತ್ತರಾದ ಮೇಲಂತೂ ಕೀಲ್ಪಾಕಿನ ಮನೆಯಲ್ಲಿ ಹಗಲೆಲ್ಲ ಅದೇ ಕಸುಬು. ಇಂಟರ್‌ನೆಟ್ಟಿನಲ್ಲಿ ಅಂಥದೇ ಹುಚ್ಚಿನ ಇನ್ನೂರು ಜನರ ಗುಂಪೊಂದಿತ್ತು. ಆಫೀಸಿನಲ್ಲಿ ಮೂವತ್ತು ವರ್ಷ ಯಾರೂ ಅವರನ್ನು ಹೊಗಳಿರಲಿಲ್ಲ. ಈ ಗುಂಪಿನಲ್ಲಿ ಮಾತ್ರ ಅವರನ್ನು ಗುರುಗಳೇ ಎನ್ನುತ್ತಿದ್ದರು. ಆ ಒಂದು ಮಾತು ಕೇಳದೆ ಅವರಿಗೆ ಬೆಳಗಿನ ಕಾಫಿ ರುಚಿಸುತ್ತಿರಲಿಲ್ಲ.

ಗುಂಪಿನ ನಿಯಮ ಒಂದೇ. ಕಣ್ಣಾರೆ ಕಂಡದ್ದನ್ನು ಬಿಡಿಸಬೇಕು. ಊಹೆಯಾದರೆ ಊಹೆ ಎಂದು ಬರೆಯಬೇಕು. ಸುಳ್ಳು ಹೇಳಿದವರಿಗೆ ಶಾಶ್ವತ ಗೇಟ್‌ಪಾಸ್.

ವಿಷ್ಣುಮೂರ್ತಿಯವರು ಸುಳ್ಳು ಹೇಳಿದ್ದರು.

ಸಾಗರಿಕಾ ಏರ್‌ವೇಸ್ ಎಂಬ ಹೊಸ ಕಂಪನಿ ಶುರುವಾಗುತ್ತದೆಂದು ಪೇಪರಿನಲ್ಲಿ ಜಾಹೀರಾತು ಬಂದಿತ್ತು. ಅಂಗೈಯಗಲದ ಚಿತ್ರ. ವಿಮಾನದ ಎಡಮಗ್ಗುಲು, ಬಾಲದ ಮೇಲೊಂದು ಬಿಳಿ ಕೊಕ್ಕರೆ. ಎಲ್ಲರಿಗಿಂತ ಮೊದಲು ಬಿಡಿಸಬೇಕೆಂಬ ಆತುರದಲ್ಲಿ ಅವರು ಎಡಗಡೆಯ ಕೊಕ್ಕರೆಯನ್ನೇ ಎತ್ತಿ ಬಲಗಡೆಗೂ ಅಂಟಿಸಿದರು, ತಿರುಗಿಸುವುದನ್ನು ಮರೆತರು. ಎಡಗಡೆ ಕೊಕ್ಕರೆ ಮುಂದಕ್ಕೆ ಹಾರುತ್ತಿತ್ತು. ಬಲಗಡೆ ಹಿಂದಕ್ಕೆ.

ಅದನ್ನು ಹಿಡಿದವನು ಸುಕೇಶ್. ಕೋಡಂಬಾಕ್ಕಂನ ಬ್ಯಾಂಕೊಂದರ ಗುಮಾಸ್ತ. ಕಣ್ಣು ಹದ್ದಿನದು, ಬಾಯಿ ಅದಕ್ಕಿಂತ ಚುರುಕು. "ಇದು ಕಟ್ಟುಕಥೆ" ಎಂದು ಗುಂಪಿನಲ್ಲೇ ಬರೆದ. ವಿಷ್ಣುಮೂರ್ತಿಯವರು ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಇನ್ನೂರು ಜನರ ಎದುರು ನಾಲಗೆ ಹೊರಳಲಿಲ್ಲ. "ವಿಮಾನ ಪರೀಕ್ಷಾ ಹಾರಾಟಕ್ಕೆ ಬಂದಿಳಿದಾಗ ನಾನೇ ನೋಡಿದ್ದೇನೆ, ಕೊಕ್ಕರೆ ಹಾಗೇ ಇದೆ" ಎಂದು ಬರೆದುಬಿಟ್ಟರು.

ಅಷ್ಟೆಲ್ಲ ರಗಳೆಯ ನಡುವೆ ಅವರಿಗೆ ಸಮಾಧಾನ ಕೊಟ್ಟದ್ದು ಒಂದೇ ಒಂದು ಪತ್ರ. ಅಜಯ್ ಎಂಬ ಅಪರಿಚಿತನ ಇ-ಮೇಲ್. "ಸಾರ್, ನಿಮ್ಮ ಚಿತ್ರ ಬಹಳ ಚೆನ್ನಾಗಿದೆ. ನಮ್ಮದು ತುಂಬಾ ದೊಡ್ಡದು, ಹಾಕಿದರೆ ಅಂಚು ಒಡೆಯುತ್ತೆ. ದೊಡ್ಡ ಸೈಜಿನದು ಕಳಿಸಿ. ಬಲಗಡೆಯದ್ದೂ ಬೇಕು. ತುಂಬಾ ಅರ್ಜೆಂಟ್." ಎಂಥ ದೊಡ್ಡ ಮಾನಿಟರ್ ಇಟ್ಟುಕೊಂಡಿದ್ದಾನಪ್ಪ ಪುಣ್ಯಾತ್ಮ ಎಂದು ಹೊಟ್ಟೆಕಿಚ್ಚುಪಡುತ್ತಲೇ ಅವರು ಅಂದೇ ಕಳಿಸಿದ್ದರು. ನಂಬುವವರು ಒಬ್ಬರಾದರೂ ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂದಿತ್ತು.

ಇವತ್ತು ಸಾಗರಿಕಾದ ಮೊದಲ ವಿಮಾನ. ಸುಕೇಶ್ ದೊಡ್ಡ ಲೆನ್ಸಿನ ಡಿಜಿಟಲ್ ಕ್ಯಾಮೆರಾದೊಂದಿಗೆ ಬಂದಿದ್ದ. ಫೋಟೋ ಸಂಜೆಯೇ ಗುಂಪಿಗೆ ಹೋಗಲಿತ್ತು.

"ಅಂಕಲ್, ಈಗಲೂ ಟೈಮ್ ಇದೆ," ಎಂದ. "ಪೊಯ್, ಸುಳ್ಳು ಅಂತ ಒಪ್ಪಿಕೊಂಡ್ಬಿಡಿ. ಪರವಾಯಿಲ್ಲೆ, ನಾನೇ ಎಲ್ಲರಿಗೂ ಹೇಳ್ತೀನಿ."

"ಎಂತದು ಒಪ್ಪಿಕೊಳ್ಳುದು ಮಾರಾಯ? ನಾನು ಕಣ್ಣಾರೆ ಕಂಡದ್ದು!"

"ಇವರು ಕಂಡದ್ದು ಹೌದು," ಎಂದರು ಸುಗುಣಾ ಚಿತ್ರಾನ್ನ ಬಡಿಸುತ್ತ. "ಮನೆಯ ಕಂಪ್ಯೂಟರಿನಲ್ಲಿ."

ವಿಷ್ಣುಮೂರ್ತಿಯವರು ಗಾಳಿ ನೋಡಿದರು. ದಿಕ್ಕು ಬದಲಾದರೆ ವಿಮಾನ ಆಚೆ ತುದಿಯಿಂದ ಇಳಿಯುತ್ತದೆ, ತಾರಸಿಗೆ ಎಡಮಗ್ಗುಲೇ ಕಾಣುತ್ತದೆ, ಬಚಾವ್. ಆದರೆ ತಂತಿಯ ಮೇಲಿನ ಪಂಚೆ ಪಡುವಣಕ್ಕೇ ಹಾರುತ್ತಿತ್ತು. ಬಲಮಗ್ಗುಲೇ ಗತಿ.

ಹನ್ನೊಂದೂ ನಲವತ್ತೆರಡಕ್ಕೆ ಸದ್ದು ಕೇಳಿಸಿತು. ವಿಷ್ಣುಮೂರ್ತಿಯವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ನಾಳೆಯಿಂದ ಗುರುಗಳೇ ಎನ್ನುವವರು ಯಾರೂ ಇಲ್ಲ. ಕ್ಯಾಮೆರಾ ಪಟಪಟನೆ ಹೊಡೆದುಕೊಂಡಿತು. ಆಮೇಲೆ ಸದ್ದಡಗಿತು.

"ಅಯ್ಯೋ ಕಡವುಳೇ," ಎಂದು ಸುಕೇಶ್ ದೇವರನ್ನು ಕೂಗಿದ.

ಕಣ್ಣು ತೆರೆದರೆ, ಬಿಳಿ ವಿಮಾನ ರನ್‌ವೇಯ ಮೇಲೆ ಮುಂದೆ ಮುಂದೆ ಓಡುತ್ತಿತ್ತು. ಬಾಲದ ಮೇಲಿನ ಕೊಕ್ಕರೆ ಹಿಂದೆ ಹಿಂದೆ ಹಾರುತ್ತಿತ್ತು.

ವಿಷ್ಣುಮೂರ್ತಿಯವರಿಗೆ ಕುಣಿಯಬೇಕೆನಿಸಿತು, ಸಂಡಿಗೆಯ ಭಯಕ್ಕೆ ಸುಮ್ಮನಿದ್ದರು. ಸುಕೇಶ್ ಎದ್ದು ಬಂದು ಕಾಲು ಮುಟ್ಟಿದ. "ಕ್ಷಮಿಸಿ ಗುರುಗಳೇ. ನೀವು ನಿಜವಾಗ್ಲೂ ನೋಡಿದ್ರಿ."

"ನಾನು ಸುಳ್ಳು ಹೇಳುವ ಜನ ಅಲ್ಲ ಮಾರಾಯ," ಎಂದು ಅವರು ಅವನ ತಲೆಯ ಮೇಲೆ ಕೈಯಿಟ್ಟರು. ಆ ಕ್ಷಣಕ್ಕೆ ಅದನ್ನು ಅವರೇ ನಂಬಿದ್ದರು.

"ಹಕ್ಕಿ ಯಾಕೆ ಹಿಂದೆ ಹೋಗ್ತದೆ?" ಎಂದು ಸುಗುಣಾ ಕೇಳಿದರು.

"ಅದು ಕಂಪನಿಯವರ ಡಿಸೈನು. ನಿನಗೆ ಗೊತ್ತಾಗುದಿಲ್ಲ."

ಸುಕೇಶ್ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸುತ್ತ ಹೋದ. ಬಾಲ, ಕೊಕ್ಕರೆ, ಹಿಂಬಾಗಿಲು. ಬಾಗಿಲಿನ ಹತ್ತಿರ ಅವನ ಬೆರಳು ನಿಂತಿತು.

"ಗುರುಗಳೇ," ಎಂದ ನಿಧಾನವಾಗಿ, "ಇಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದಿದ್ದಾರೆ." ಕಣ್ಣು ಕಿರಿದು ಮಾಡಿಕೊಂಡು ಓದಿದ:

"ಚಿತ್ರ: ವಿಷ್ಣುಮೂರ್ತಿ, ಕೀಲ್ಪಾಕ್. ಕಂಪ್ಯೂಟರಿನಲ್ಲಿ ಆಡಲು ಮಾತ್ರ. ನಿಜವಾದ ಹಾರಾಟಕ್ಕೆ ಬಳಸಬಾರದು."