ಶಾಲೆಯ ಫಿಲ್ಟರ್

ತೀರಿಕೊಂಡ ಗಂಡನ ದಿನಕರ್ಮ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ, ಅವರು ಹೆಡ್‌ಮಾಸ್ತರರಾಗಿದ್ದ ಸರ್ಕಾರಿ ಶಾಲೆಯ ಸಹಶಿಕ್ಷಕ ಬಂದ.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನಾಳೆ ಆಡಿಟ್ ಐತ್ರಿ. ಅನುದಾನದಾಗ ಸರ್ ತಗೊಂಡ ನೀರಿನ ಫಿಲ್ಟರ್ ಲೆಕ್ಕದಾಗ ಐತಿ, ಫೋಟೋದಾಗ ಐತಿ, ಸಾಲ್ಯಾಗ ಅಷ್ಟ ಇಲ್ರಿ. ಸಿಗಲಿಲ್ಲಂದ್ರ ಸರ್ ಹೆಸರು ಕೆಡತೈತ್ರಿ."

ಅವನ ಮೊಬೈಲಿನಲ್ಲಿದ್ದ ಫೋಟೋ ನೋಡಿದೆ. ನಲ್ಲಿಯ ಪಕ್ಕ ನೆಗ್ಗಿದ ಅದೇ ಸ್ಟೀಲ್ ಫಿಲ್ಟರ್ ನಮ್ಮ ಅಡುಗೆಮನೆಯಲ್ಲಿತ್ತು.

"ರಜಾದಾಗ ಎರವಲು ತಂದಿದ್ರು," ಎಂದೆ. "ಒಯ್ರಿ."

"ದೊಡ್ಡ ಭಾರ ಇಳೀತ್ರಿ ಅಕ್ಕಾರ."

ಅವನು ಆಟೋ ಕರೆಯಲು ಹೋದ. ನಾನು ಫಿಲ್ಟರನ್ನು ಬೋರಲು ಹಾಕಿ, ಮದುವೆಗೆ ಕೊಡುವಾಗ ಅಮ್ಮ ತಳದಲ್ಲಿ ಕೆತ್ತಿಸಿದ್ದ ನಮ್ಮಿಬ್ಬರ ಹೆಸರನ್ನು ಚಾಕುವಿನಿಂದ ಕೆರೆದು ಅಳಿಸಿದೆ.